ಒಕ್ಕಣೆ ಕಾಲದ ದಾರಿ

ಉಯ್ಯಂಬಳ್ಳಿ
26 ಅಕ್ಟೋಬರ್ 2023, ಗುರುವಾರ

ಚಿಕ್ಕಬಳ್ಳಾಪುರದ ಸುದ್ದಿ ಕೇಳಿದಾಗಿನಿಂದ ಯಾವ ಕೆಲಸಕ್ಕೂ ಮನಸ್ಸಿಲ್ಲ. ಬಾಗೇಪಲ್ಲಿ ಕಡೆಯಿಂದ ಬರುತ್ತಿದ್ದ ಟಾಟಾ ಸುಮೊ, ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಹಿಂದಿನಿಂದ ಗುದ್ದಿ 13 ಜನ ಹೋದರು. ಬೆಳಗಿನ ದಟ್ಟ ಮಂಜಿನಲ್ಲಿ ಟ್ಯಾಂಕರು ಕಾಣಲೇ ಇಲ್ಲವಂತೆ. ಎಲ್ಲರ ಬಾಯಲ್ಲೂ ಮಂಜಿನದೇ ಮಾತು. ಮಂಜು ಕಣ್ಣು ಕಟ್ಟಿತು, ನಿಜ. ಟ್ಯಾಂಕರನ್ನು ಅಲ್ಲಿ ತಂದು ನಿಲ್ಲಿಸಿದ್ದು ಮನುಷ್ಯರೇ. ಒಂದು ಸುಮೊದಲ್ಲಿ ಅಷ್ಟು ಜನರನ್ನು ತುಂಬಿದ್ದೂ ಮನುಷ್ಯರೇ.

ನಮ್ಮೂರಿನವರೂ ರೇಷ್ಮೆಗೂಡು ಹಾಕಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಡುವುದು ಬೆಳಕು ಹರಿಯುವ ಮೊದಲೇ. ಇನ್ನು ಚಳಿ ಬಿತ್ತು ಎಂದರೆ ಮಂಜು ಇಲ್ಲಿಗೂ ಬರುತ್ತದೆ.

2 ನವೆಂಬರ್, ಗುರುವಾರ

ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ಹೊರಬಿದ್ದಿದೆ. ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491, ನಮ್ಮ ರಾಜ್ಯದಲ್ಲೇ 11,702. ದೇಶದ ಲೆಕ್ಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಸಾವು ಮಳೆ ಮಂಜು ಏನೂ ಇಲ್ಲದ ತಿಳಿ ದಿನಗಳಲ್ಲಿ. ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿ ದಿನಗಳೇ ಹೆಚ್ಚು, ದಾರಿ ಚೆನ್ನಾಗಿ ಕಂಡಷ್ಟೂ ವೇಗವೂ ಹೆಚ್ಚು. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ನಾಲ್ಕರಷ್ಟಾಗುತ್ತದೆ. ಮಂಜಿನ ಅಪಘಾತಗಳು ಲೆಕ್ಕದಲ್ಲಿ ಕಡಿಮೆ. ಆದರೆ ಆದಾಗ ಸಾಯುವವರು ಜಾಸ್ತಿ, ಏಕೆಂದರೆ ಬ್ರೇಕ್ ಹಿಡಿಯುವಷ್ಟು ಹೊತ್ತಿಗೂ ಎದುರಿನದು ಕಂಡಿರುವುದಿಲ್ಲ.

ಅಪಘಾತ ಅತಿ ಹೆಚ್ಚು ಸಂಜೆ 6ರಿಂದ 9ರೊಳಗೆ. ಇಲ್ಲಿ ಅದು ದನ ಮನೆಗೆ ಬರುವ ಹೊತ್ತು, ಹಿಂದೀಪವಿಲ್ಲದ ಟ್ರ್ಯಾಕ್ಟರು ಹೊಲದಿಂದ ರಸ್ತೆಗೆ ಹತ್ತುವ ಹೊತ್ತು, ಮೇಕೆದಾಟು ನೋಡಿದ ಕಾರುಗಳು ಬೆಂಗಳೂರಿಗೆ ಹಾರುವ ಹೊತ್ತು. ಕಾಡಂಚಿನಲ್ಲಿ ಆನೆ ಇಳಿಯುವುದೂ ಆಗಲೇ.

10 ಡಿಸೆಂಬರ್, ಭಾನುವಾರ

ಮಳೆ ಕೈಕೊಟ್ಟ ವರ್ಷ, ಬೆಳೆ ಅಷ್ಟಕ್ಕಷ್ಟೆ. ಸಿಕ್ಕಷ್ಟು ರಾಗಿಯೂ ಹುರುಳಿಯೂ ಒಕ್ಕಣೆಗೆಂದು ಟಾರು ರಸ್ತೆಯ ಮೇಲೆ ಬಂದು ಬಿದ್ದಿವೆ. ಬೆಳಗ್ಗೆ ಇಬ್ಬನಿಗೆ ನೆನೆದ ಹುಲ್ಲು ಎಣ್ಣೆ ಚೆಲ್ಲಿದ ನೆಲದಂತೆ ಜಾರುತ್ತದೆ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು, ಬಿಸಿಗೆ ಹೊತ್ತಿ, ಕಾರೇ ಸುಟ್ಟುಹೋದದ್ದು ರಾಜ್ಯದಲ್ಲಿ ನಡೆದಿದೆ. ಎಲ್ಲಕ್ಕಿಂತ ನನಗೆ ಭಯ ಹರಡಿದ ಬೆಳೆಯ ಅಂಚಿಗೆ ಇಡುವ ಕಲ್ಲುಗಳದು. ಕಾಳು ಬಾಚಿ ತುಂಬಿಕೊಂಡು ಹೋಗುತ್ತಾರೆ, ಕಲ್ಲು ಅಲ್ಲೇ ಉಳಿಯುತ್ತವೆ.

17 ಡಿಸೆಂಬರ್, ಭಾನುವಾರ

ಹಿಂದಿನ ಬೀದಿಯ ಹುಡುಗ ಹೋಗಿಬಿಟ್ಟ. ನಿನ್ನೆ ಕತ್ತಲಾದ ಮೇಲೆ ಬೈಕು ಅಂಥದೇ ಕಲ್ಲಿನ ಮೇಲೆ ಹತ್ತಿ ಬಿದ್ದಿದ್ದಾನೆ. ಹೆಲ್ಮೆಟ್ ಟ್ಯಾಂಕಿನ ಮೇಲಿತ್ತು. ಮೊದಲು ನೋಡಿದವರು ಪೊಲೀಸು, ಕೋರ್ಟು ಎಂದು ಹೆದರಿ ಮುಟ್ಟದೆ ನಿಂತರಂತೆ. ಸಹಾಯಕ್ಕೆ ಬಂದವರನ್ನು ಕಾಪಾಡಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲೇ 134ಎ ಕಲಂ ಸೇರಿದೆ. ಆ ಮಾತು ಇಲ್ಲಿಯ ಟೀ ಅಂಗಡಿಯವರೆಗೂ ಬಂದಿಲ್ಲ. ಕನಕಪುರಕ್ಕೆ ಒಯ್ದರೆ ತಲೆಯ ಪೆಟ್ಟು, ಬೆಂಗಳೂರಿಗೇ ಹೋಗಿ ಎಂದರು. ಕನಕಪುರದಿಂದಾಚೆಗೂ ಐವತ್ತು ಕಿಲೋಮೀಟರ್ ಮೇಲೆ. ದಾರಿಯಲ್ಲೇ ಉಸಿರು ನಿಂತಿದೆ.

ಕತ್ತಲೆ ಬೆಂಗಳೂರಿನಲ್ಲೂ ಆಗುತ್ತದೆ. ಅಲ್ಲಿ ಅದೇ ಪೆಟ್ಟು ಬಿದ್ದಿದ್ದರೆ ಬದುಕುತ್ತಿದ್ದನೇನೋ ಎಂಬ ಯೋಚನೆ ಬಿಡುತ್ತಿಲ್ಲ.

20 ಡಿಸೆಂಬರ್, ಬುಧವಾರ

ಚಿಕ್ಕಪ್ಪನ ಜೊತೆ ಮಾತಾಯಿತು. ಅವರ ಹುರುಳಿಯೂ ರಸ್ತೆಯಲ್ಲೇ ಇದೆ.

"ಕಣ ಎಲ್ಲೈತೆ ಮಗ? ಸಗಣಿ ಸಾರ್ಸಾಕೆ ದನ ಎಲ್ಲವೆ? ಗುಂಡು ಎಳ್ಯೋ ಎತ್ತು ಎಲ್ಲವೆ? ಆಳಿನ ಕೂಲಿ ಕೊಟ್ರೆ ಕಾಳಿನ ದುಡ್ಡು ಅದ್ಕೇ ಹೋಯ್ತದೆ."

ಇದು ಸುಳ್ಳಲ್ಲ. ಕಣವಿಲ್ಲದ ರೈತನಿಗೆ ದಂಡ ಹಾಕಿ ಈ ಸಾವು ತಪ್ಪಿಸುತ್ತೇವೆ ಎನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಕಣ ಕೊಡಬೇಕು. ನರೇಗಾದಲ್ಲಿ ಒಕ್ಕಣೆ ಕಣಕ್ಕೆ ಅವಕಾಶವಿದೆ ಎಂದೆ. "ಹಂಗಾದ್ರೆ ಬರ್ಕೊ ಅರ್ಜಿ, ನಾನೂ ಹಾಕ್ತೀನಿ ರುಜು" ಎಂದರು. ಸಂಜೆ ಅವರೇ ಹಾರೆ ಹಿಡಿದು ರಸ್ತೆಯಂಚಿನ ಕಲ್ಲುಗಳನ್ನೆಲ್ಲ ಚರಂಡಿಯಾಚೆ ಉರುಳಿಸಿದರು.

16 ಜನವರಿ 2024, ಮಂಗಳವಾರ

ನಿನ್ನೆ ಸಂಕ್ರಾಂತಿ. ಹುಡುಗನ ಮನೆಯಲ್ಲಿ ಎಳ್ಳು ಬೀರಲಿಲ್ಲ.

ಇವತ್ತು ಪಂಚಾಯಿತಿಗೆ ಅರ್ಜಿ ಕೊಟ್ಟೆವು. ಕಣಕ್ಕೆ ಚಿಕ್ಕಪ್ಪನ ಹೊಲದ ತಲೆಯಲ್ಲಿ ಜಾಗ ಬಿಟ್ಟುಕೊಡುವುದಾಗಿ ಬರೆದಿದೆ, ಅಕ್ಕಪಕ್ಕದವರೂ ಬಳಸಬಹುದು. ಮುಂದಿನ ರಾಗಿ ಕುಯ್ಲಿನೊಳಗೆ ಕಾಂಕ್ರೀಟು ಬೀಳಬೇಕು. ಶಿವರಾತ್ರಿ ಮುಗಿದ ಮೇಲೆ ಮತ್ತೆ ಹೋಗಿ ವಿಚಾರಿಸಬೇಕು.