ಕಬ್ಬನ್ ಪಾರ್ಕಿನ ಪಂದಿ

ಕಲೂರಿನ ನಮ್ಮ ಮನೆಯಲ್ಲಿ ಪಾರ್ಕ್ ಎಂದರೆ ಎರಡೇ. ಒಂದು, ಸಂಜೆ ಹೊತ್ತು ಗಾಳಿಗೆಂದು ಹೋಗುವ ಎರ್ನಾಕುಳಂ ಹಿನ್ನೀರ ದಡದ ಸುಭಾಷ್ ಪಾರ್ಕ್. ಇನ್ನೊಂದು, ತಿರುವನಂತಪುರಕ್ಕೆ ಹೋದಾಗಲೆಲ್ಲ ತಪ್ಪದೆ ನೋಡುವ ಮ್ಯೂಸಿಯಂ ಕಾಂಪೌಂಡು. ಅಲ್ಲಿ 1880ರಲ್ಲಿ ಕಟ್ಟಿ ಮುಗಿಸಿದ ನೇಪಿಯರ್ ಮ್ಯೂಸಿಯಂ ಇದೆ, ಮಗ್ಗುಲಲ್ಲೇ ಮೃಗಾಲಯವಿದೆ. ಹಾಗಾಗಿ ಬೇಸಿಗೆ ರಜೆಗೆ ಬೆಂಗಳೂರಿನ ಮಾವನ ಮನೆಗೆ ಹೋಗೋಣ, ಕಬ್ಬನ್ ಪಾರ್ಕ್ ನೋಡೋಣ ಎಂದಾಗ ನನ್ನ ಮಗ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಹುಲಿ ಇದೆಯಾ?" ಎಂದು. ಇಲ್ಲವೆಂದೆ. ಅವನ ಉತ್ಸಾಹ ಅಲ್ಲೇ ಅರ್ಧಕ್ಕಿಳಿಯಿತು.

ಎರ್ನಾಕುಳಂ ನಾರ್ತಿನಲ್ಲಿ ಸಂಜೆ ಐಲ್ಯಾಂಡ್ ಎಕ್ಸ್‌ಪ್ರೆಸ್ ಹತ್ತಿದೆವು. ಈ ಗಾಡಿ ಹಿಂದೆ ವಿಲಿಂಗ್ಡನ್ ದ್ವೀಪದವರೆಗೆ ಹೋಗುತ್ತಿತ್ತು, ಹೆಸರು ಅಲ್ಲಿಂದ ಬಂದದ್ದು. ಈಗ ದ್ವೀಪ ಬಿಟ್ಟರೂ ಹೆಸರು ಬಿಟ್ಟಿಲ್ಲ. ಪಾಲಕ್ಕಾಡಿನಲ್ಲಿ ಮಕ್ಕಳಿಗೆ ಪೊಟ್ಟಣ ಬಿಚ್ಚಿ ಚಪಾತಿ ಕೊಟ್ಟೆ. ಆ ಊರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ತಮ್ಮನ ಮನೆ ಮಲ್ಲೇಶ್ವರದಲ್ಲಿ. ಅವನ ಮಗ ಒಂಬತ್ತನೇ ತರಗತಿ, ನನ್ನ ಮಗಳು ಎಂಟನೆಯದು. ಇಬ್ಬರೂ ಜೊತೆಯಲ್ಲಿ ಆಡಿ ಬೆಳೆದವರಲ್ಲ. ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು. ಬಂದ ದಿನವೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗಳು, "ಅತ್ತೆ, ನನಗೆ ದಾಹ ಆಗ್ತಿದೆ" ಎಂದಳು. ಹುಡುಗ ಬಿದ್ದು ಬಿದ್ದು ನಕ್ಕ. "ದಾಹವಂತೆ! ಇದೇನು ಪೌರಾಣಿಕ ನಾಟಕಾನಾ? ಬಾಯಾರಿಕೆ ಅನ್ನು!" ಮಲಯಾಳಂನಲ್ಲಿ ಬಾಯಾರಿಕೆಗೆ ದಾಹ ಎನ್ನುವುದೇ ರೂಢಿ, ನಮ್ಮ ಮನೆಯಲ್ಲೂ ಅದು ಹೇಗೋ ಒಳಗೆ ಬಂದು ಕೂತಿದೆ. ಮಗಳು ನೀರು ಕುಡಿಯದೆ ಹೊರಗೆ ಹೋದಳು. ರಾತ್ರಿ ಮಲಗುವಾಗ ಮೆಲ್ಲಗೆ ಕೇಳಿದಳು, "ಅಮ್ಮಾ, ಶಾಲೆಯಲ್ಲಿ ನನ್ನನ್ನ ಕನ್ನಡದವಳು ಅಂತಾರೆ. ಇಲ್ಲಿ ಮಲಯಾಳಿ ಅಂತಾರೆ. ನಾನು ಯಾರು?" ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಬೆಳಿಗ್ಗೆ ಬೇಗ ಏಳಬೇಕು, ಮಲಗು ಎಂದು ತಪ್ಪಿಸಿಕೊಂಡೆ.

ಈ ಪತ್ರಿಕೆ ಓದುವ ನಿಮ್ಮಲ್ಲಿ ಹಲವರು ಈ ಪ್ರಶ್ನೆಯನ್ನು ಅಪ್ಪ ಅಮ್ಮನಿಗೆ ಕೇಳಿರಬಹುದು, ಅಥವಾ ಕೇಳದೆ ಬಿಟ್ಟಿರಬಹುದು.

ಮರುದಿನ ಭಾನುವಾರ. ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ಬದಲಿಸಿ ಹೋದೆವು. ಭಾನುವಾರ ಪಾರ್ಕಿನ ಒಳಗಿನ ರಸ್ತೆಗಳಲ್ಲಿ ವಾಹನಗಳನ್ನು ಬಿಡುವುದಿಲ್ಲ. ಮಕ್ಕಳು ರಸ್ತೆಯ ನಟ್ಟನಡುವೆ ಓಡುವುದನ್ನು ನಾನು ಗದರಿಸದೆ ನೋಡಿದ್ದು ಅಂದೇ ಮೊದಲು. 1870ರಲ್ಲಿ ರಿಚರ್ಡ್ ಸ್ಯಾಂಕಿ ಎಂಬ ಎಂಜಿನಿಯರು ನೂರು ಎಕರೆಯಲ್ಲಿ ಮಾಡಿಸಿದ ತೋಟ ಇದು, ಆಮೇಲೆ ಬೆಳೆದು ಮುನ್ನೂರು ಎಕರೆಯಷ್ಟಾಯಿತು. 1927ರಲ್ಲಿ ಇದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಟ್ಟರು. ಹೆಸರು ಕಾಗದದಲ್ಲಿ ಉಳಿಯಿತು, ಜನರ ಬಾಯಲ್ಲಿ ಕಬ್ಬನ್ ಪಾರ್ಕೇ ಉಳಿಯಿತು. ಬಿದಿರುಮೆಳೆಗಳ ಕೆಳಗೆ ಬೆಳಿಗ್ಗೆ ಎಂಟಕ್ಕೂ ಅರೆಗತ್ತಲೆ. ಮಗ ಹುಲಿಯನ್ನು ಮರೆತು ಬಂಡೆ ಹತ್ತಿ ಇಳಿಯುವುದರಲ್ಲಿ ಮುಳುಗಿದ. ಹಳದಿ ಗೊಂಚಲು ಇಳಿಬಿಟ್ಟ ಒಂದು ಮರ ಕಂಡು ಮಗಳು "ಕಣಿಕ್ಕೊನ್ನ!" ಎಂದು ಕೂಗಿದಳು. ವಿಷು ಕಳೆದು ವಾರವಷ್ಟೇ ಆಗಿತ್ತು. ಕನ್ನಡದಲ್ಲಿ ಇದನ್ನು ಕಕ್ಕೆ ಅನ್ನುತ್ತಾರೆ ಎಂದೆ. ಆಶ್ಚರ್ಯವೆಂದರೆ, ಬೆಂಗಳೂರಲ್ಲೇ ಹುಟ್ಟಿದ ನನ್ನ ಸೋದರಳಿಯನಿಗೂ ಅದು ಹೊಸ ಮಾತು.

ಕೆಂಪು ಬಣ್ಣದ ಗ್ರಂಥಾಲಯದ ಮುಂದೆ ಒಂದು ಪ್ರತಿಮೆ ಇದೆ. 1913ರಲ್ಲಿ ವೈಸರಾಯ್ ಹಾರ್ಡಿಂಜ್ ಅನಾವರಣ ಮಾಡಿದ್ದು. ಅದರ ಹಿಂದಿನ ಕಟ್ಟಡ 1915ರದು. "ಇವರು ನಿಮ್ಮ ಕಡೆಯವರು ಕಣ್ರೋ" ಎಂದೆ ಮಕ್ಕಳಿಗೆ. ಮೈಸೂರಿನ ದಿವಾನ ಶೇಷಾದ್ರಿ ಅಯ್ಯರ್ 1845ರಲ್ಲಿ ಹುಟ್ಟಿದ್ದು ಪಾಲಕ್ಕಾಡಿನ ಹತ್ತಿರದ ಕುಮಾರಪುರದಲ್ಲಿ, ನಾವು ಚಪಾತಿ ತಿಂದೆವಲ್ಲ, ಅಲ್ಲಿ. 1868ರಲ್ಲಿ ಮೈಸೂರಿನ ಚಾಕರಿಗೆ ಬಂದರು. 1883ರಿಂದ ಹದಿನೆಂಟು ವರ್ಷ ದಿವಾನಗಿರಿ ನಡೆಸಿದರು. ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆಯುವ ಕೆಲಸಕ್ಕೆ ಕೈ ಹಾಕಿದ್ದು ಅವರ ಕಾಲದಲ್ಲಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಆ ವಿದ್ಯುತ್ ಮುಟ್ಟಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಅವರು 1901ರಲ್ಲೇ ತೀರಿಕೊಂಡಿದ್ದರು. ಹೊಗಳಿಕೆ ಮಾತ್ರ ಹೇಳಿದರೆ ಸುಳ್ಳಾಗುತ್ತದೆ: ಹೊರಗಿನವರು, ಮದರಾಸಿನ ಕಡೆಯವರು ಬಂದು ಮೈಸೂರಿನ ದೊಡ್ಡ ಹುದ್ದೆಗಳನ್ನೆಲ್ಲ ಹಿಡಿದರು ಎಂಬ ಸಿಟ್ಟು ಆಗ ಊರಲ್ಲಿ ಜೋರಾಗಿತ್ತು, ಅದರಲ್ಲಿ ಇವರ ಹೆಸರೂ ಸೇರಿತ್ತು. ಮಗಳು ಆ ಮಾತನ್ನು ಕಿವಿಗೊಟ್ಟು ಕೇಳಿದಳು.

ಅವಳಿಗೆ ಕನ್ನಡ ಓದಲು ಬರುತ್ತದೆ ಎನ್ನುವುದು ಅರ್ಧ ಸತ್ಯ. ಸಂಘದ ಭಾನುವಾರದ ತರಗತಿಯಲ್ಲಿ ಅಕ್ಷರ ಕಲಿತಿದ್ದಾಳೆ, ಒತ್ತಕ್ಷರ ಬಂದರೆ ತಡವರಿಸುತ್ತಾಳೆ. ಅಲ್ಲಿದ್ದ ಫಲಕದ ಮುಂದೆ ನಿಂತು, "ಗ್... ಗ್ರಂ... ಗ್ರಂಥಾಲಯ" ಎಂದು ಓದಿದಳು. ಓದಿ, "ಗ್ರಂಥಾಲಯಂ ಅಲ್ವಾ? ಕೊನೇ ಅಂ ಎಲ್ಲಿ ಹೋಯ್ತು?" ಎಂದಳು. ಸೋದರಳಿಯ ಮತ್ತೆ ನಗಲು ಬಾಯಿ ತೆರೆದ. "ತಡಿಯೋ, ಅದಕ್ಕೆ ಉತ್ತರ ಆ ಕಡೆ ಇದೆ" ಎಂದು ಇಬ್ಬರನ್ನೂ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಎಳೆದುಕೊಂಡು ಹೋದೆ. ಪಾರ್ಕಿನ ಅಂಚಿನಲ್ಲೇ ಇದೆ. (ನೀವು ಹೋಗುವುದಾದರೆ ತೆರೆದಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ.)

ಅಲ್ಲಿ ಆತಕೂರಿನ ಶಾಸನವಿದೆ. ಮಂಡ್ಯ ಜಿಲ್ಲೆಯ ಊರು ಅದು. ಕ್ರಿ.ಶ. 949-50ರ ಕಲ್ಲು. ಮೇಲೆ ಒಂದು ನಾಯಿ, ಒಂದು ಕಾಡುಹಂದಿ ಕಾದಾಡುತ್ತಿರುವ ಕೆತ್ತನೆ. ಕಥೆ ಹೀಗೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರನ್ನು ಗೆದ್ದ. ಅವನ ಪರವಾಗಿ ಗಂಗರ ಬೂತುಗ ಹೋರಾಡಿದ, ಬೂತುಗನ ಕಡೆ ಮಣಲೆರ ಎಂಬ ವೀರನಿದ್ದ. ಏನು ಬೇಕೋ ಕೇಳು ಎಂದು ಬೂತುಗ ಹೇಳಿದಾಗ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ದೊರೆಯ ಬೇಟೆನಾಯಿ ಕಾಳಿಯನ್ನು ಕೇಳಿದ. ಮುಂದೆ ಆ ಕಾಳಿ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಗೊರವ ಊಟ ಮಾಡಕೂಡದು ಎಂದೂ ಬರೆದಿದೆ. ನನ್ನ ಮಗ ಕೆತ್ತನೆಯ ನಾಯಿಯನ್ನೇ ನೋಡುತ್ತ, "ಪಾವಂ" ಎಂದ. ಪಾಪ ಎನ್ನಲು ಅವನಿಗೆ ಇನ್ನೂ ಬಾಯಿ ತಿರುಗುವುದಿಲ್ಲ.

"ಏನು ಬರೆದಿದೆ, ಓದು ನೋಡೋಣ" ಎಂದೆ ಸೋದರಳಿಯನಿಗೆ. ಅವನು ಬಗ್ಗಿದ, ತಲೆ ಓರೆ ಮಾಡಿದ. "ಇದು ಕನ್ನಡಾನೇ ಅಲ್ಲ ಅತ್ತೆ." ಕನ್ನಡವೇ, ಹತ್ತನೇ ಶತಮಾನದ್ದು. ಆ ಅಕ್ಷರ ನನಗೂ ಓದಲು ಬಾರದು. ಆದರೆ ಬಿ.ಎ.ಯಲ್ಲಿ ಐಚ್ಛಿಕ ಕನ್ನಡಕ್ಕೆ ಇದು ನಮಗೆ ಪಾಠವಾಗಿತ್ತು. ಅದರಲ್ಲಿ ಪಂದಿ ಎಂಬ ಮಾತಿದೆ ಎಂದು ಹೇಳಿ, "ಪಂದಿ ಅಂದರೆ ಏನು?" ಎಂದು ಕೇಳಿದೆ. ಹುಡುಗನಿಗೆ ಗೊತ್ತಾಗಲಿಲ್ಲ. ಮಗಳು ಕಲ್ಲಿನಿಂದ ಕಣ್ಣು ತೆಗೆಯದೆ, "ಹಂದಿ. ನಾವು ಪನ್ನಿ ಅಂತೀವಲ್ಲ" ಎಂದಳು.

ಆಮೇಲೆ ನಾನು ಒಂದೊಂದಾಗಿ ಕೇಳುತ್ತ ಹೋದೆ. ಹಳಗನ್ನಡದಲ್ಲಿ ಪಾಲ್? ಅವಳು ಹಾಲು ಎಂದಳು. ಪುಲಿ? ಇದಕ್ಕೆ ಮಗನೇ ಮೊದಲು ಕೂಗಿದ, ಹುಲಿ! ಕೊನೆಗೂ ಅವನಿಗೊಂದು ಹುಲಿ ಸಿಕ್ಕಿತು. ನಾವು ಇಂದು ಹಕಾರ ಹಚ್ಚುವ ಎಷ್ಟೋ ಮಾತುಗಳಿಗೆ ಆಗ ಪಕಾರವಿತ್ತು. ಮಲಯಾಳಂನಲ್ಲಿ ಅದು ಉಳಿಯಿತು, ನಮ್ಮಲ್ಲಿ ಕಾಲಕ್ರಮದಲ್ಲಿ ಬದಲಾಯಿತು. ಮಗಳು ಹುಡುಕುತ್ತಿದ್ದ ‘ಅಂ’ ಕೂಡ ಇಲ್ಲೇ ಇತ್ತು. ಇಂದು ಮರ ಎನ್ನುವ ನಾವು ಆಗ ಮರಂ ಎನ್ನುತ್ತಿದ್ದೆವು. "ಮರಂ ಅಂತ ಕನ್ನಡದವರೇ ಹೇಳ್ತಿದ್ರಾ?" ಎಂದು ಮಗಳು ಎರಡು ಸಲ ಕೇಳಿದಳು. ಹೌದು ಎಂದೆ, ಎರಡು ಸಲವೂ.

ಸೋದರಳಿಯ ಸುಮ್ಮನಿದ್ದ. ಒಳ್ಳೆಯ ಹುಡುಗ, ಬಾಯಿ ಸ್ವಲ್ಪ ಜೋರು ಅಷ್ಟೆ. ಹೊರಗೆ ಬರುವಾಗ, "ಇನ್ನೂ ಒಂದೆರಡು ಹೇಳೇ" ಎಂದು ಅವಳ ಹಿಂದೆ ಬಿದ್ದ.

ಬಿಸಿಲು ಏರಿತ್ತು. ಗೇಟಿನ ಹತ್ತಿರ ಸೌತೆಕಾಯಿಗೆ ಉಪ್ಪುಖಾರ ಹಚ್ಚಿ ಮಾರುತ್ತಿದ್ದರು. ನಾಲ್ಕು ಕೊಂಡೆ. ಹುಡುಗ ತನ್ನದನ್ನು ಮುಗಿಸಿ, ಖಾರಕ್ಕೆ ಉಸ್ಸೆನ್ನುತ್ತ, "ಅತ್ತೆ, ದಾಹ!" ಎಂದ.

"ಬಾಯಾರಿಕೆ ಅನ್ನು" ಎಂದಳು ನನ್ನ ಮಗಳು, ನೀರಿನ ಬಾಟಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು.