ಪಟ್ಟಿಯ ಮೊದಲ ಸಾಲು

ಖರಾಡಿಯ ಐಟಿ ಪಾರ್ಕಿನಲ್ಲಿ ದುಡಿಯುವ ಧಾರವಾಡದ ಹುಡುಗ, ಅವ್ವನ ಲ್ಯಾಪ್‌ಟಾಪ್ ನಿಧಾನವಾಯಿತೆಂದು ಕ್ರೋಮಿನ ಕುಕೀ, ಕ್ಯಾಶೆ ಎರಡನ್ನೂ ಅಳಿಸಿದ. ವೇಗ ಹೆಚ್ಚಲಿಲ್ಲ, ಕ್ಯಾಶೆಯಲ್ಲಿದ್ದ ಚಿತ್ರ, ಫಾಂಟುಗಳೆಲ್ಲ ಮತ್ತೆ ಇಳಿಯಬೇಕಾಯಿತು. ಅವ್ವ ಕನ್ನಡ ಆರಿಸಿದ್ದು ನೆನಪಿದ್ದದ್ದು ಕುಕೀಯಲ್ಲೇ, ಅದೂ ಹೋಯಿತು. ಪುಣೆಯವರೆಂದು ಎಣಿಸಿದ ಸುದ್ದಿತಾಣ ಮರಾಠಿ ತೋರಿಸಿತು.

“ನನ್ನ ಗುರ್ತ ಹತ್ತವಲ್ದೇನೋ ಇದಕ್ಕ?” ಎಂದಳು ಅವ್ವ.

ಬ್ರೌಸರ್ ತಾನು ತೆರೆಯುವ ತಾಣಕ್ಕೆ ಓದುವವರ ಭಾಷೆಗಳನ್ನೂ ತಿಳಿಸುತ್ತದೆ. ಪಟ್ಟಿಯಲ್ಲಿ ಮೊದಲಿದ್ದದ್ದಕ್ಕೆ ಆದ್ಯತೆ. ಕೆಲವು ತಾಣಗಳು ಕೇಳುತ್ತವೆ, ಕೆಲವು ಕೇಳುವುದಿಲ್ಲ. ಅವನು ಸೆಟ್ಟಿಂಗ್ಸ್ ತೆರೆದು ಕನ್ನಡವನ್ನು ಮೇಲಕ್ಕೇರಿಸಿದ. ಬೇಡದ ಎಕ್ಸ್‌ಟೆನ್ಶನ್‌ಗಳನ್ನು ತೆಗೆದ, ಮೆಮೊರಿ ಸೇವರ್ ಹಾಕಿದ. ಲ್ಯಾಪ್‌ಟಾಪ್ ಹಗುರಾಯಿತು, ಸುದ್ದಿ ಕನ್ನಡದಲ್ಲಿ ಬಂತು.

ರಾತ್ರಿ ತನ್ನ ಲ್ಯಾಪ್‌ಟಾಪಿನ ಪಟ್ಟಿ ನೋಡಿದ. ಅಲ್ಲಿ ಇಂಗ್ಲಿಷ್ ಒಂದೇ ಇತ್ತು.