ಕಡಲು ದಾಟಿ ಬಂದ ತಂಗಳುಪೆಟ್ಟಿಗೆ

ಜಗತ್ತಿನ ಯಾವ ಬಂದರಿಗೆ ಹೋದರೂ ಫ್ರಿಜ್ಜಿಗೆ ಒಂದೇ ಹೆಸರು: 8418. ಸುಂಕದವರು ಸರಕನ್ನು ಕರೆಯುವುದು ಸಂಖ್ಯೆಯಿಂದ. ದೇಶದೇಶಗಳ ನಡುವೆ ಓಡಾಡುವ ವಸ್ತುಗಳಿಗೆಲ್ಲ ವಿಶ್ವ ಕಸ್ಟಮ್ಸ್ ಸಂಘಟನೆ ಕೊಟ್ಟಿರುವ ಸಂಖ್ಯೆಗಳಲ್ಲಿ ಇದೂ ಒಂದು. ಅದರ ಮುಂದೆ ಇನ್ನೆರಡು ಅಂಕಿ ಸೇರಿಸಿದರೆ ವಿವರ ತಿಳಿಯುತ್ತದೆ. ಮೇಲೊಂದು ಕೆಳಗೊಂದು ಬೇರೆ ಬೇರೆ ಬಾಗಿಲಿದ್ದರೆ ಒಂದು ಅಂಕಿ, ಮನೆಬಳಕೆಯ ಸಾಧಾರಣ ಫ್ರಿಜ್ ಆದರೆ ಇನ್ನೊಂದು, ಸಂದೂಕದ ಹಾಗೆ ಮೇಲಿನಿಂದ ಮುಚ್ಚಳ ತೆರೆಯುವ 800 ಲೀಟರಿನೊಳಗಿನ ಫ್ರೀಜರಿಗೆ ಮತ್ತೊಂದು. ಎಷ್ಟು ಬಾಗಿಲು, ಎಷ್ಟು ಲೀಟರು ಎಂಬುದನ್ನೆಲ್ಲ ಇಷ್ಟು ಮುತುವರ್ಜಿಯಿಂದ ಕೇಳುವ ಈ ಆರು ಅಂಕಿಗಳು ಒಂದೇ ಒಂದು ಪ್ರಶ್ನೆ ಕೇಳುವುದಿಲ್ಲ. ಇದು ಹೊಸದೋ, ಹಳೆಯದೋ? ನಿನ್ನೆ ಕಾರ್ಖಾನೆಯಿಂದ ಹೊರಬಿದ್ದದ್ದಕ್ಕೂ ಇಪ್ಪತ್ತು ವರ್ಷ ಯಾರದೋ ಅಡುಗೆಮನೆಯಲ್ಲಿ ದುಡಿದು ಬಾಗಿಲಿನ ರಬ್ಬರು ಸವೆದದ್ದಕ್ಕೂ ಹೆಸರು ಒಂದೇ.

ಈ ಲೆಕ್ಕದಲ್ಲಿ ನನಗೆ ಆಸಕ್ತಿ ಹುಟ್ಟಲು ನಮ್ಮ ಚಾಚಾ ಕಾರಣ. ದಮ್ಮಾಮಿನಲ್ಲಿ ಹನ್ನೊಂದು ವರ್ಷ ದುಡಿದು 1993ರಲ್ಲಿ ಅವರು ಊರಿಗೆ ಮರಳಿದಾಗ ಸಾಮಾನಿನ ಜೊತೆ ಒಂದು ಫ್ರಿಜ್ ತಂದರು. ಮುಂಬೈ ಬಂದರಿಗೆ ಬಂದು, ಅಲ್ಲಿಂದ ಲಾರಿ ಹತ್ತಿ, ಮಲೆನಾಡಿನ ನಮ್ಮ ಓಣಿಗೆ ಅದು ತಲುಪಿದಾಗ ಅಸರ್ ನಮಾಜು ಮುಗಿಸಿ ಬರುತ್ತಿದ್ದವರೆಲ್ಲ ನಿಂತು ಕೈ ಕೊಟ್ಟರು. ಆದರೂ ಅದು ಬಾಗಿಲಲ್ಲಿ ಹಿಡಿಸಲಿಲ್ಲ. ಬಾಗಿಲಿನ ಚೌಕಟ್ಟನ್ನೇ ಕಿತ್ತು ಒಳಗೆ ತಂದರು. ಅಮೆರಿಕದ ಮನೆಗಳ ಅಳತೆಗೆ ಮಾಡಿದ ಎರಡು ಬಾಗಿಲಿನ ಆನೆ ಅದು. ಅಲ್ಲಿ ಯಾವುದೋ ಕುಟುಂಬ ಹತ್ತು ವರ್ಷ ಬಳಸಿ, ದೇಶ ಬಿಡುವಾಗ ಅಗ್ಗಕ್ಕೆ ಮಾರಿಹೋದದ್ದನ್ನು ಚಾಚಾ ಕೊಂಡಿದ್ದರು.

ಆ ಕಾಲದಲ್ಲಿ ಗಲ್ಫಿನಿಂದ ಬರುವವರ ಸಾಮಾನೆಂದರೆ ಟೇಪ್‌ರೆಕಾರ್ಡರು, ಕಂಬಳಿ, ಅತ್ತರಿನ ಸೀಸೆ. ಫ್ರಿಜ್ ತರುವವರು ಕಡಿಮೆ. ಆದರೆ ತರುತ್ತಾರೆಂಬುದು ಸರಕಾರಕ್ಕೂ ಗೊತ್ತಿತ್ತು. 1998ರ ಬ್ಯಾಗೇಜ್ ನಿಯಮಗಳಲ್ಲಿ, ಎರಡು ವರ್ಷವಾದರೂ ಹೊರದೇಶದಲ್ಲಿದ್ದು ವಾಸ ಬದಲಿಸಿ ಬರುವವರು ರಿಯಾಯಿತಿ ಸುಂಕದಲ್ಲಿ ತರಬಹುದಾದ ಸಾಮಾನಿನ ಪಟ್ಟಿಯಲ್ಲಿ ಪಾತ್ರೆ ತೊಳೆಯುವ ಯಂತ್ರದ ಜೊತೆಗೆ 300 ಲೀಟರಿಗೆ ಮೀರಿದ ಫ್ರಿಜ್ ಇತ್ತು, ಡೀಪ್ ಫ್ರೀಜರೂ ಇತ್ತು. ಮರಳುಗಾಡಿನಲ್ಲಿ ಬಾಗಿಲುಗಳಿಗೆ ಬಣ್ಣ ಹೊಡೆದ ನಮ್ಮ ಚಾಚಾನಂಥವರ ಆಸೆಯ ಅಳತೆಯನ್ನು ದಿಲ್ಲಿಯ ಯಾರೋ ಅಧಿಕಾರಿ ಲೀಟರಿನಲ್ಲಿ ಬರೆದಿಟ್ಟಿದ್ದಾನೆ ಅನ್ನಿಸಿ, ಅದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು, ಸ್ವಲ್ಪ ಸಂಕಟವೂ ಆಯಿತು.

ತೊಡಕು ಆಮೇಲೆ ತಿಳಿಯಿತು. ಸೌದಿ ಮನೆಗಳ ವಿದ್ಯುತ್ತು ಆಗ 127 ವೋಲ್ಟ್, 60 ಸೈಕಲ್. ನಮ್ಮದು 230 ವೋಲ್ಟ್, 50 ಸೈಕಲ್. ವೋಲ್ಟೇಜು ಇಳಿಸಲು ಇಟ್ಟಿಗೆಯಷ್ಟು ತೂಕದ ಟ್ರಾನ್ಸ್‌ಫಾರ್ಮರ್ ಬಂತು. ಸೈಕಲ್ಲನ್ನು ಬದಲಿಸುವ ಪೆಟ್ಟಿಗೆ ನಮ್ಮ ಊರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಮೋಟರು ತನ್ನ ವೇಗದ ಆರನೇ ಒಂದು ಪಾಲು ಕಳೆದುಕೊಂಡು, ಬಿಸಿಯಾಗಿ, ಹಗಲೂ ರಾತ್ರಿ ಗೊರಕೆ ಹೊಡೆಯತೊಡಗಿತು. ತಿಂಗಳ ಕೊನೆಗೆ ಕೆ.ಇ.ಬಿ.ಯವರು ಕೊಟ್ಟ ಬಿಲ್ಲು ಹಿಂದಿನದರ ಮೂರು ಪಟ್ಟು. ಉರ್ದು ಶಾಲೆಯ ಮಾಸ್ತರರಾಗಿದ್ದ ಅಬ್ಬಾ ಚೀಟಿಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. ದಾದಿಯ ಮಾತು ಇನ್ನೂ ಕಿವಿಯಲ್ಲಿದೆ: ‘ಇದು ಫ್ರಿಜ್ ಅಲ್ಲ ಬೇಟಾ, ಬಡಿಸಿದಷ್ಟೂ ಹಸಿಯುವ ಮೆಹಮಾನ್.’ ನಾಲ್ಕು ಬೇಸಿಗೆ, ನಾಲ್ಕು ಸಲ ಗ್ಯಾಸು ತುಂಬಿಸುವ ಕೆಲಸ. ಐದನೆಯ ಬೇಸಿಗೆಗೆ ಕಂಪ್ರೆಸರು ಸುಟ್ಟುಹೋಯಿತು. ಅಮ್ಮಿ ಅದರಲ್ಲಿ ರಜಾಯಿಗಳನ್ನು ತುಂಬಿಸಿಟ್ಟರು. ಇಲಿ ಬಾರದ ಒಳ್ಳೆಯ ಬೀರು ಆಯಿತು.

ನಮ್ಮ ಮನೆಗೆ ಬಂದದ್ದು ಒಂದು ಫ್ರಿಜ್. ಪಶ್ಚಿಮ ಆಫ್ರಿಕದ ಘಾನಾ ದೇಶಕ್ಕೆ ಇದೇ ರೀತಿ ಬಂದಿಳಿದವು ಲಕ್ಷಗಟ್ಟಲೆ. ವರ್ಷಗಟ್ಟಲೆ ಯುರೋಪಿನ ಮನೆಗಳು ಬಿಸಾಡಿದ ಫ್ರಿಜ್ಜುಗಳು ಕಂಟೇನರುಗಳಲ್ಲಿ ತೇಮಾ ಬಂದರಿಗೆ ಬಂದು, ಅಲ್ಲಿಂದ ಅಕ್ರಾ, ಕುಮಾಸಿ ಪೇಟೆಗಳ ರಸ್ತೆಬದಿಯಲ್ಲಿ ಸಾಲಾಗಿ ನಿಂತು ಮಾರಾಟವಾದವು. ನೈಜೀರಿಯದಲ್ಲಿ ಹೀಗೆ ಹೊರದೇಶದಲ್ಲಿ ಬಳಸಿ ಬಂದ ವಸ್ತುವಿಗೆ ‘ತೊಕುನ್ಬೊ’ ಎಂಬ ಮುದ್ದಾದ ಹೆಸರಿದೆ. ಯೊರುಬಾ ಭಾಷೆಯಲ್ಲಿ ಕಡಲಾಚೆಯಿಂದ ಮರಳಿದವನು ಎಂದರ್ಥ. ಪರದೇಶದಲ್ಲಿ ಹುಟ್ಟಿ ತಾಯಿನಾಡಿಗೆ ಬಂದ ಮಗುವಿಗೆ ಇಡುವ ಹೆಸರು ಅದು. ಯಾರೋ ಬೇಡವೆಂದು ಹೊರಗಿಟ್ಟ ಸಾಮಾನನ್ನೂ ಮನೆಗೆ ಮರಳಿದ ಮಗನಂತೆ ಕರೆದ ಆ ಜನರ ದೊಡ್ಡ ಮನಸ್ಸಿಗೆ ನಾನು ಸೋತೆ.

ಕಳಿಸುವವರ ಲೆಕ್ಕ ಸರಳ. ಯುರೋಪಿನಲ್ಲಿ ಫ್ರಿಜ್ಜನ್ನು ಕ್ರಮವಾಗಿ ಬಿಚ್ಚಿ ವಿಲೇವಾರಿ ಮಾಡಲು ದುಡ್ಡು ಖರ್ಚಾಗುತ್ತದೆ. ಹಡಗು ಹತ್ತಿಸಿದರೆ ದುಡ್ಡು ಬರುತ್ತದೆ. ಹಳೆಯ ಫ್ರಿಜ್ಜುಗಳ ಕೊಳವೆಯಲ್ಲಿ ಮಾತ್ರವಲ್ಲ, ಗೋಡೆಯೊಳಗೆ ತುಂಬಿದ ನೊರೆಯಲ್ಲೂ ಓಜೋನ್ ಪದರವನ್ನು ತಿನ್ನುವ ಸಿ.ಎಫ್.ಸಿ. ಅನಿಲ ಇರುತ್ತದೆ. ಆ ನೊರೆಯಿಂದಲೂ ಅನಿಲವನ್ನು ಹೊರತೆಗೆಯಲೇಬೇಕೆಂಬ ಯುರೋಪಿನ ಕಾನೂನು 2002ರ ಜನವರಿಯಲ್ಲಿ ಜಾರಿಗೆ ಬಂದಾಗ ಬ್ರಿಟನ್ನಿನಲ್ಲಿ ಆ ಕೆಲಸ ಮಾಡುವ ಯಂತ್ರಗಳೇ ಇರಲಿಲ್ಲ. ಹೊಸ ಫ್ರಿಜ್ ಮಾರುವಾಗ ಹಳೆಯದನ್ನು ಒಯ್ಯುತ್ತಿದ್ದ ಅಂಗಡಿಯವರು ಕೈ ಎತ್ತಿದರು. ಊರ ಹೊರಗಿನ ಬಯಲುಗಳಲ್ಲಿ ಫ್ರಿಜ್ಜಿನ ಮೇಲೆ ಫ್ರಿಜ್ ಬಿದ್ದು ಗುಡ್ಡಗಳಾದವು. ಪತ್ರಿಕೆಗಳು ಅದನ್ನು ಫ್ರಿಜ್ ಪರ್ವತ ಎಂದೇ ಕರೆದವು. ಅದುವರೆಗೆ ಆ ಗುಡ್ಡ ಯಾಕೆ ಕಾಣಿಸಿರಲಿಲ್ಲ? ಅದರ ದೊಡ್ಡದೊಂದು ಪಾಲು ಬಡದೇಶಗಳ ಅಡುಗೆಮನೆಗಳಲ್ಲಿ ಹರಡಿಹೋಗಿತ್ತು, ಅದಕ್ಕೆ.

ಕಸವನ್ನು ಗಡಿ ದಾಟಿಸುವುದಕ್ಕೆ 1989ರ ಬಾಸೆಲ್ ಒಪ್ಪಂದದ ಕಡಿವಾಣ ಇದೆ. ಆದರೆ ಪ್ಲಗ್ ಚುಚ್ಚಿದರೆ ಒಳಗಿನ ದೀಪ ಹತ್ತುವ ಫ್ರಿಜ್ ಕಸವಲ್ಲ, ಸರಕು. 8418! ನೈಜೀರಿಯದ ಲಾಗೋಸ್ ಬಂದರುಗಳಲ್ಲಿ 2015-16ರಲ್ಲಿ ಕೂತು ಎಣಿಸಿದವರ ವರದಿಯಂತೆ ವರ್ಷಕ್ಕೆ ಸುಮಾರು 60 ಸಾವಿರ ಟನ್ ಬಳಸಿದ ವಿದ್ಯುತ್ ಸಾಮಾನು ಅಲ್ಲಿಗೆ ಬರುತ್ತಿತ್ತು. ಬಹುಪಾಲು ಬಂದದ್ದು ಹಳೆಯ ಕಾರು, ವ್ಯಾನುಗಳ ಹೊಟ್ಟೆಯೊಳಗೆ ತುರುಕಿಕೊಂಡು.

ಹಾಗೆಂದು ಕೊಂಡವರನ್ನು ದಡ್ಡರೆಂದು ಜರೆಯಲು ನನಗೆ ಮನಸ್ಸಿಲ್ಲ. ಅಕ್ರಾದ ಬೀದಿಯಲ್ಲಿ ಪ್ಲಾಸ್ಟಿಕ್ ಪೊಟ್ಟಣದ ತಣ್ಣೀರು ಮಾರುವ ಹೆಂಗಸಿಗೆ, ಸಂಜೆ ಉಳಿದ ಮೀನನ್ನು ನಾಳೆಗೆ ಉಳಿಸಬೇಕಾದವಳಿಗೆ ಹಳೆಯ ಫ್ರೀಜರು ಎಂದರೆ ಅಂಗಡಿ. ಹೊಸದಕ್ಕೆ ಅವಳ ಬಳಿ ದುಡ್ಡಿಲ್ಲ. ಕೊಳ್ಳುವ ದಿನದ ಬೆಲೆ ಅವಳಿಗೆ ಕಾಣುತ್ತದೆ. ಆಮೇಲಿನ ಬೆಲೆ ತಿಂಗಳು ತಿಂಗಳು ಚೂರು ಚೂರಾಗಿ ಬರುತ್ತದೆ. ಘಾನಾದಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಮಾಡಿದ ಲೆಕ್ಕದಲ್ಲಿ ಅಲ್ಲಿನ ಒಂದು ಫ್ರಿಜ್ ವರ್ಷಕ್ಕೆ ಸರಾಸರಿ 1,200 ಯೂನಿಟ್ ಎಳೆಯುತ್ತಿತ್ತು. ಕಟ್ಟುನಿಟ್ಟಿನ ನಿಯಮಗಳಿರುವ ದೇಶಗಳಲ್ಲಿ ಅದೇ ಕೆಲಸಕ್ಕೆ ಸಾಕಾಗುತ್ತಿದ್ದುದು 250 ಯೂನಿಟ್. ಅಂದರೆ ಬಡವಳ ಮನೆಯಲ್ಲಿ ಒಂದು ಲೋಟ ನೀರು ತಣ್ಣಗಾಗಲು ಸಿರಿವಂತಳ ಮನೆಯ ಐದು ಪಟ್ಟು ಕರೆಂಟು. ವೋಲ್ಟಾ ನದಿಗೆ 1965ರಲ್ಲಿ ಅಕೊಸೊಂಬೊ ಅಣೆಕಟ್ಟು ಕಟ್ಟಿ ಬೆಳಕಿನ ಕನಸು ಕಂಡ ಆ ದೇಶ, ಮುಂದೆ ಕತ್ತಲೆಗೇ ಒಂದು ಪದ ಹುಟ್ಟಿಸಿತು. ‘ದುಮ್ಸೊರ್’, ಅಂದರೆ ಹೋಗು-ಬಾ. ನಮ್ಮ ಲೋಡ್ ಶೆಡ್ಡಿಂಗಿಗಿಂತ ಚಂದದ ಪದ.

ಘಾನಾ ಏನು ಮಾಡಿತು? ಬಳಸಿದ ಫ್ರಿಜ್, ಫ್ರೀಜರ್, ಏರ್ ಕಂಡೀಷನರುಗಳ ಆಮದನ್ನು ನಿಷೇಧಿಸುವ ನಿಯಮವನ್ನು 2008ರಲ್ಲಿ ಮಾಡಿತು. ವ್ಯಾಪಾರಿಗಳಿಗೆ ಬೇರೆ ದಾರಿ ನೋಡಿಕೊಳ್ಳಲು ಸಮಯ ಕೊಟ್ಟು, 2013ರ ಜನವರಿ 1ರಿಂದ ಬಿಗಿಯಾಗಿ ಜಾರಿಗೊಳಿಸಿತು. ಆಮೇಲೂ ಕದ್ದು ಬಂದ ಸಾವಿರಾರು ಫ್ರಿಜ್ಜುಗಳನ್ನು ಬಂದರಿನಲ್ಲೇ ಮುಟ್ಟುಗೋಲು ಹಾಕಿತು. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಕೆಲಸ. ಹಳೆಯ ಫ್ರಿಜ್ ತಂದುಕೊಟ್ಟವರಿಗೆ ಹೊಸದರ ಬೆಲೆಯಲ್ಲಿ ರಿಯಾಯಿತಿ ಕೊಡುವ ಯೋಜನೆಯನ್ನು ಅದು 2012ರಲ್ಲೇ ಶುರುಮಾಡಿತ್ತು. ನಿಷೇಧ ಮಾತ್ರ ಇದ್ದಿದ್ದರೆ ಅದು ತಣ್ಣೀರು ಮಾರುವವಳ ಅಂಗಡಿಗೆ ಬೀಗ ಹಾಕಿದಂತೆ ಆಗುತ್ತಿತ್ತು. ಬಡವರ ಹೆಸರಿನಲ್ಲಿ ಮಾಡುವ ಕಾನೂನುಗಳು ಬಡವರ ಕೈಯಿಂದ ಕಿತ್ತುಕೊಳ್ಳುವುದನ್ನಷ್ಟೇ ಕಲಿತಿರುವ ಈ ಕಾಲದಲ್ಲಿ ಈ ಜಾಣತನ ದೊಡ್ಡದು. ಆದರೂ ಒಂದು ಮಾತು ಚುಚ್ಚುತ್ತದೆ. ಇಂಥದ್ದನ್ನು ಕಳಿಸಬಾರದೆಂಬ ನಾಚಿಕೆ ಕಳಿಸುವವರಿಗೆ ಮೊದಲು ಬರಬೇಕಿತ್ತು. ಬೇಡ ಎನ್ನುವ ಖರ್ಚನ್ನೂ ಪಡೆಯುವವನೇ ಹೊರಬೇಕಾಯಿತು.

ಕೊಡುವುದಕ್ಕೆ ನಮ್ಮಲ್ಲಿ ಒಂದು ರೀತಿ ಇದೆಯಲ್ಲ? ಕುರ್ಬಾನಿಯ ಪ್ರಾಣಿ ಕುಂಟಾಗಿರಬಾರದು, ಕುರುಡಾಗಿರಬಾರದು, ಬಡಕಲಾಗಿರಬಾರದು. ನೀವೇ ಕಣ್ಣು ಮುಚ್ಚದೆ ತೆಗೆದುಕೊಳ್ಳಲಾರದ್ದನ್ನು ಇನ್ನೊಬ್ಬರಿಗೆ ದಾನವೆಂದು ನೀಡಬೇಡಿ ಎಂಬುದು ಮದರಸಾದ ಮೊದಲ ಪಾಠಗಳಲ್ಲೇ ಬರುತ್ತದೆ. ಫ್ರಿಜ್ಜಿಗೂ ಕುರ್ಬಾನಿಗೂ ಇನ್ನೊಂದು ನಂಟಿದೆ. ಮದೀನಕ್ಕೆ ಹಸಿದ ಜನ ಬಂದು ಸೇರಿದ್ದ ಒಂದು ವರ್ಷ, ಕುರ್ಬಾನಿಯ ಮಾಂಸವನ್ನು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ಪ್ರವಾದಿಯವರು (ಸ) ಹೇಳಿದ್ದರು. ಮರುವರ್ಷ ಆ ಸಂಕಟ ಇಲ್ಲದಾಗ, ತಿನ್ನಿ, ಕೊಡಿ, ಕೂಡಿಟ್ಟುಕೊಳ್ಳಿ ಎಂದು ಅನುಮತಿಸಿದರು. ಕೂಡಿಡುವುದು ತಪ್ಪಲ್ಲ, ಸರಿ. ಆದರೆ ನಾನು ಚಿಕ್ಕವನಿದ್ದಾಗ ಬಕ್ರೀದಿನ ಮಧ್ಯಾಹ್ನ ತಟ್ಟೆಗಳು ಓಣಿಯಲ್ಲಿ ಓಡಾಡುತ್ತಿದ್ದ ಅವಸರಕ್ಕೆ ಅರ್ಧ ಕಾರಣ ಪುಣ್ಯ, ಇನ್ನರ್ಧ ಕಾರಣ ಮಾಂಸ ಕೆಡುತ್ತದೆಂಬ ಭಯ. ಚಾಚಾ ತಂದ ಫ್ರಿಜ್ ಬಂದ ವರ್ಷ ನಮ್ಮ ಮನೆಯಿಂದ ಹೊರಟ ತಟ್ಟೆಗಳು ತುಸು ಹಗುರವಾದದ್ದು ದಾದಿಯ ಕಣ್ಣಿಗೆ ಬಿದ್ದಿತ್ತು. ಬಾಂಗ್ಲಾದೇಶದಲ್ಲಂತೂ ಬಕ್ರೀದಿಗೆ ಮುಂಚಿನ ವಾರಗಳೇ ಫ್ರಿಜ್ ವ್ಯಾಪಾರಕ್ಕೆ ಸುಗ್ಗಿ. ಒಂದು ಸಮಾಧಾನವೆಂದರೆ, ಅಲ್ಲಿ ಈಗ ಮಾರಾಟವಾಗುವವು ಬಹುಪಾಲು ಅವರದೇ ಕಾರ್ಖಾನೆಗಳಲ್ಲಿ ತಯಾರಾದ ಹೊಸ ಫ್ರಿಜ್ಜುಗಳು. ಹಿಂದೆ ಕೊಳ್ಳುತ್ತಿದ್ದ ದೇಶ ಇಂದು ಮಾರುವ ದೇಶಗಳ ಸಾಲಿಗೂ ಸೇರಿದೆ.

ಬಳಸಿದ ಫ್ರಿಜ್ಜಿನ ವ್ಯಾಪಾರಕ್ಕೆ ನಮ್ಮ ದೇಶ ಮೊದಲಿನಿಂದಲೂ ಅಷ್ಟಾಗಿ ಬಾಗಿಲು ತೆರೆದದ್ದಿಲ್ಲ. ಪರವಾನಗಿ ಇಲ್ಲದೆ ಹಳೆಯ ಗೃಹೋಪಯೋಗಿ ಸಾಮಾನು ತರಿಸುವಂತಿಲ್ಲ. ಹೊಸದರ ಮೇಲಿನ ಸುಂಕವನ್ನೂ 2018ರಲ್ಲಿ ಶೇಕಡಾ 10ರಿಂದ 20ಕ್ಕೆ ಏರಿಸಿದರು. ನಮ್ಮಲ್ಲಿ ಹಳೆಯ ಫ್ರಿಜ್ ಕಡಲು ದಾಟುವುದಿಲ್ಲ, ಓಣಿ ದಾಟುತ್ತದೆ. ಹಾಲ್‌ನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಮನೆಗೆಲಸದವಳ ಗುಡಿಸಲಿಗೆ.

ಶಿವಮೊಗ್ಗದಲ್ಲಿರುವ ನನ್ನ ತಂಗಿ 2024ರಲ್ಲಿ ಹೊಸ ಫ್ರಿಜ್ ಕೊಂಡಾಗ, ಹದಿನೈದು ವರ್ಷದ ಹಳೆಯದನ್ನು ಕೆಲಸಕ್ಕೆ ಬರುವ ಹೆಂಗಸಿಗೆ ಕೊಡಲು ಹೋದಳು. ‘ದುಡ್ಡೇನೂ ಬೇಡಮ್ಮ, ತಗೊಂಡು ಹೋಗು’ ಎಂದಳು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಫ್ರಿಜ್ಜಿನ ಬೆನ್ನು ಸವರಿ ಕೇಳಿದಳು, ‘ಇದು ತಿಂಗಳಿಗೆ ಎಷ್ಟು ಯೂನಿಟ್ ತಿನ್ನುತ್ತೆ ಅಕ್ಕಾ?’

2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ನಮ್ಮಂಥ ಓದಿದವರೇ ತಿಳಿದುಕೊಂಡಿದ್ದೆವು. ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ತುಸು ಸೇರಿಸಿ ಒಂದೊಂದು ಮನೆಗೆ ಒಂದೊಂದು ಮಿತಿ ಹಾಕಿದ್ದು ಆಕೆಗೆ ಬಾಯಿಪಾಠ. ಎರಡು ಬಲ್ಬು, ಒಂದು ಫ್ಯಾನು, ಒಂದು ಟಿ.ವಿ.ಯ ಅವಳ ಮನೆಗೆ ಸಿಕ್ಕ ಮಿತಿ 48 ಯೂನಿಟ್. ಅದಕ್ಕೆ ಮೀರಿದ್ದಕ್ಕೆಲ್ಲ ಅವಳೇ ಕಟ್ಟಬೇಕು. ‘ಬ್ಯಾಡ ಬಿಡಿ ಅಕ್ಕಾ’ ಎಂದು ಪೊರಕೆ ಕೈಗೆತ್ತಿಕೊಂಡಳು. ತಂಗಿಗೆ ಮುಖ ಸಣ್ಣದಾಯಿತು. ನನಗೆ ಮಾತ್ರ ಒಂದು ದೇಶದ ಸರಕಾರ ಬಂದರಿನಲ್ಲಿ ನಿಂತು ಕೇಳಿದ ಪ್ರಶ್ನೆಯನ್ನೇ ಈಕೆ ಹಿತ್ತಿಲಲ್ಲಿ ನಿಂತು ಕೇಳಿದಳಲ್ಲ ಅನ್ನಿಸಿತು.

ಕೊನೆಗೆ ಗುಜರಿಯವನು 1,200 ರೂಪಾಯಿ ಕೊಟ್ಟು ಒಯ್ದ. ಗಾಡಿಗೆ ಏರಿಸುವ ಮುಂಚೆ ಅಂಗಳದಲ್ಲೇ ಹಿಂದಿನ ಕೊಳವೆಯನ್ನು ಕತ್ತರಿಸಿದ. ಫುಸ್ಸೆಂದು ಸದ್ದಾಯಿತು. ಆ ಕಾಲದ ಫ್ರಿಜ್ಜುಗಳ ಗ್ಯಾಸು ಓಜೋನಿಗೆ ತೊಂದರೆ ಮಾಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಘಾನಾದ ಯೋಜನೆಯಲ್ಲಿ ಹಳೆಯ ಫ್ರಿಜ್ ಬಿಚ್ಚುವ ಮೊದಲು ಗ್ಯಾಸನ್ನು ಹೀರಿ ತೆಗೆಯುವ ವ್ಯವಸ್ಥೆ ಇತ್ತು. ಇಲ್ಲಿ ಹಾಗೆ ತೆಗೆದಿಡುವವರು ಯಾರೂ ಇಲ್ಲವೇ ಎಂದು ಕೇಳಿದೆ.

‘ಗ್ಯಾಸಿಗೆ ಯಾರು ಕಾಸು ಕೊಡ್ತಾರೆ ಸ್ವಾಮಿ? ನಮಗೆ ಬೇಕಿರೋದು ಒಳಗಿನ ತಾಮ್ರ’ ಎಂದು ಅವನು ಹಗ್ಗ ಬಿಗಿಯತೊಡಗಿದ.